ಶೇಕಡಾ ಹದಿನಾಲ್ಕು

ನನ್ನ ಕೆಲಸ ಮುರಿಯುವುದು.
ಕಾರ್ಖಾನೆ ತುಂಬ ಜನ ಕೂಡಿಸುತ್ತಾರೆ;
ಮೂಲೆಯ ಕೋಣೆಯಲ್ಲಿ ನಾನೊಬ್ಬಳು,
ಇನ್‌ಶಿರಾಹ್, ಶಹಾತನ ಮಗಳು
(ಕಣ್ಣು ತಾಗದಿರಲೆಂದು ಹಾಗೆ ಕರೆದರು ಅವನನ್ನು, ತಿರುಪೆಯವ ಎಂದು),
ಅವರು ಕೂಡಿಸಿದ್ದನ್ನು ಅಂಗೈಯಗಲ ಕತ್ತರಿಸಿ
ಎರಡೂ ಬದಿಗೆ ಕಬ್ಬಿಣದ ಗಟ್ಟಿ ಅಂಟಿಸಿ
ಎಳೆಯುತ್ತೇನೆ, ಟಪ್ಪೆನ್ನುವ ತನಕ.
ಎಷ್ಟು ಭಾರಕ್ಕೆ ಬಿಟ್ಟುಕೊಟ್ಟಿತೆಂದು ಬರೆದು
ಕೆಳಗೆ ಸಹಿ ಹಾಕುತ್ತೇನೆ.

ಅಕ್ಟೋಬರಿನಲ್ಲಿ ಹುಲ್ಲು ಬರುತ್ತದೆ,
ನೈಲ್ ನದಿ ಬೆರಳು ಬಿಡಿಸಿ ಕಡಲು ಮುಟ್ಟುವ ಕಡೆಯಿಂದ,
ಕತ್ತೆಗಾಡಿ, ಟ್ರಾಕ್ಟರು, ಮೂರು ಗಾಲಿಯ ಟುಕ್‌ಟುಕ್ ಮೇಲೆ ಕೂಡ,
ನೀಲಿ ದಾರ ಬಿಗಿದ ಪೆಂಡಿಗಳು.
ಭತ್ತದ ಹುಲ್ಲು ಮೆತ್ತಗೆಂದು ತಿಳಿದವರು
ಸಾಣೆ ಹಿಡಿಯುವ ವಗ್ದಿಯನ್ನು ಕೇಳಿ:
ಕಣ್ಣಿಗೆ ಕಾಣದ ಮರಳು ಕುಡಿದು ಬೆಳೆದದ್ದು ಅದು,
ಒಂದು ಪಾಳಿಗೆ ಎರಡು ಸಲ ಅಲಗು ಬದಲಿಸಬೇಕು.
ಗೆದ್ದವರು ಸೋತವರಿಗೆ ಹುಲ್ಲು ಕಚ್ಚಿಸುತ್ತಿದ್ದರಂತೆ;
ಇಲ್ಲಿ ಹುಲ್ಲೇ
ಉಕ್ಕಿಗೆ ಹುಲ್ಲು ಕಚ್ಚಿಸುತ್ತದೆ.

ಮೇಲೆ ಮೈಗೊಂದು ಮೇಣದ ಪದರ,
ಯಾವ ಅಂಟನ್ನೂ ಹತ್ತಿರ ಬಿಟ್ಟುಕೊಳ್ಳದ ಬಿಂಕ.
ಮರಕ್ಕೆ ಒಗ್ಗಿದ್ದು ಇದಕ್ಕೆ ಒಗ್ಗಲಿಲ್ಲ.
ದುಬಾರಿ ರಾಳ ತರಿಸಿದರು. ಅದು ಹುಲ್ಲಿಗೂ ಅಂಟಿತು,
ಪ್ರೆಸ್ಸಿನ ತಟ್ಟೆಗೂ ಅಂಟಿತು.
ಮೊದಲ ಹಲಗೆಯನ್ನು ಉಳಿಯಿಂದ ಎಬ್ಬಿಸಿದರು,
ಹೆಂಚಿಗೆ ಹತ್ತಿದ ರೊಟ್ಟಿಯ ಹಾಗೆ, ಚೂರು ಚೂರಾಗಿ.
ಇಂಜಿನಿಯರು ನೆಲದ ಮೇಲೆ ಕೂತು
ಒಂದು ಚೂರನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದ.

ಅಪ್ಪ ಇದೇ ಹುಲ್ಲನ್ನು ಸುಡುತ್ತಿದ್ದ,
ಕೊಯ್ಲಾದ ಮರುದಿನ, ಇರುಳಲ್ಲಿ,
ಇನ್‌ಸ್ಪೆಕ್ಟರನ ಜೀಪು ಮಲಗಿದ ಮೇಲೆ.
ಗೋಧಿ ಬಿತ್ತುವ ಅವಸರ.
ಹೊಗೆ ತೆಂಕಣಕ್ಕೆ ನಡೆದು ಕೈರೋ ತಲುಪಿದರೆ
ಅಲ್ಲಿನವರು ಕಪ್ಪು ಮೋಡ ಎಂದರು,
ಹನಿ ಸುರಿಸದ ಮೋಡ.
"ನನ್ನ ಎರಡು ಫದ್ದಾನು ನೆಲದ ಹೊಗೆಗೆ
ಅಷ್ಟು ದೂರ ನಡೆಯುವ ಕಾಲು ಎಲ್ಲಿಂದ ಬಂತು?"
ಒಳಗೆ ತಮ್ಮ ಕೆಮ್ಮುತ್ತಿದ್ದ.
ಅಪ್ಪ ಕಿಟಕಿ ಮುಚ್ಚುತ್ತಿದ್ದ.

ಕಳೆದ ಚಳಿಗಾಲ ಒಂದು ಹಲಗೆ ಬಂತು,
ನಡುವೆ ಬಸವನಹುಳುವಿನ ಚಿಪ್ಪು.
ಕಾಲುವೆಯಿಂದ ಗದ್ದೆಗೆ, ಗದ್ದೆಯಿಂದ ಪೆಂಡಿಗೆ,
ಅಲಗು ತಪ್ಪಿಸಿ, ಜರಡಿ ತಪ್ಪಿಸಿ
ಪ್ರೆಸ್ಸಿನಡಿ ಚಪ್ಪಟೆಯಾಗಿ,
ಸುರುಳಿ ಮಾತ್ರ ಬಿಡದೆ.
ಒಂದು ತುಂಡನ್ನು ನೀರಲ್ಲಿಟ್ಟೆ, ಒಂದು ಹಗಲು ಒಂದು ರಾತ್ರಿ.
ಹದಿನಾರು ಮಿಲಿಮೀಟರು ಹದಿನೆಂಟೂಕಾಲಾಯಿತು.
ಶೇಕಡಾ ಹದಿನಾಲ್ಕು.
ನಮ್ಮಲ್ಲಿ ಹನ್ನೆರಡು ದಾಟಬಾರದು.
ತಿರಸ್ಕೃತ ಎಂದು ಬರೆದು, ಉಳಿದದ್ದನ್ನು
ಗೇಟಿನವನಿಗೆ ಚೀಟಿ ತೋರಿಸಿ ಮನೆಗೆ ಹೊತ್ತೆ.

ಅಪ್ಪ ಗೆಣ್ಣಿನಿಂದ ಬಡಿದು ಕಿವಿಗೊಟ್ಟ,
ಕಲ್ಲಂಗಡಿ ಕೊಳ್ಳುವವನ ಹಾಗೆ. ಮೂಸಿದ.
ನೆಕ್ಕಿಯೂ ನೋಡಿದನೇನೋ, ನಾನು ಚಹಾ ತರಲು ಹೋಗಿದ್ದೆ.
"ಇದರಲ್ಲಿ ನಮ್ಮ ಗದ್ದೆಯದು ಯಾವುದು?"
ಅದಕ್ಕೆ ನನ್ನಲ್ಲಿ ಯಂತ್ರವಿಲ್ಲ.
ಪಾರಿವಾಳದ ಗೂಡಿಗೆ ಬಾಗಿಲು ಮಾಡಿದ,
ಚಿಪ್ಪು ಹೊರಮುಖವಾಗಿ.

ಜನವರಿಯ ಮಂಜು ಮೂರು ದಿನ ಏಳಲಿಲ್ಲ.
ನಾಲ್ಕನೆಯ ಬೆಳಗ್ಗೆ ಬಾಗಿಲು ತೆರೆಯಲಿಲ್ಲ.
ಒಳಗೆ ನಲವತ್ತು ಹಕ್ಕಿಗಳ ಗುಟುರು,
ಹೊರಗೆ ಭುಜ ಕೊಟ್ಟು ತಳ್ಳುತ್ತಿರುವ ಅಪ್ಪ.
ಹದಿನಾಲ್ಕು ಅಂತ ಮೊದಲೇ ಹೇಳಿದ್ದೆನಲ್ಲ, ಎಂದೆ.
"ಮೊಣಕಾಲುದ್ದ ನೀರಲ್ಲಿ ನಿಂತು ಬೆಳೆದದ್ದು, ಮಗಳೇ.
ತವರಿನವರು ಬಂದರೆ
ಉಬ್ಬದೆ ಇರುತ್ತದೆಯೇ?"

ಅರ ಹಿಡಿದು ಅಂಚು ಉಜ್ಜಿದ, ಮಧ್ಯಾಹ್ನದವರೆಗೆ.
ಹಕ್ಕಿಗಳು ಹೊರಬಿದ್ದು ಬಿಸಿಲಿಗೆ ಹೋದವು.
ಉದುರಿದ ಪುಡಿಯನ್ನು ಕಾಲಿನಿಂದ ಗುಡ್ಡೆ ಮಾಡಿ
ಹಳೆಯ ಅಭ್ಯಾಸ, ಜೇಬಿಗೆ ಕೈ ಹೋಯಿತು,
ಬೆಂಕಿಪೊಟ್ಟಣ ಹೊರಬಂತು, ಕಡ್ಡಿ ಗೀರಿಯೂ ಆಯಿತು.
ನನ್ನ ಕಡೆ ನೋಡಿದ.

ಸಿಗರೇಟು ಹಚ್ಚಿಕೊಂಡ.